ಡಬಲ್ಸ್‌ನಲ್ಲಿ ಈಗ ಸರ್ವೀಸ್ ಯಾರದು?

ಪ್ರಶ್ನೆ: ಸರ್, ರೈಸ್ ಮಿಲ್ಲಿನ ಕಣದಲ್ಲಿ ಸುಣ್ಣದ ಗೆರೆ ಹಾಕಿಕೊಂಡು ನಾನು, ಯಜಮಾನರು, ಭಾವ, ನೆಗೆಣ್ಣಿ ಸಂಜೆ ಶಟಲ್ ಆಡುತ್ತೇವೆ. ಪಾಯಿಂಟ್ ಸೋತರೂ ಭಾವ, ‘ನಮ್ಮದು ಇನ್ನೂ ಸೆಕೆಂಡ್ ಸರ್ವೀಸ್ ಇದೆ’ ಅಂತ ಶಟಲ್ ಬಿಡುವುದಿಲ್ಲ. ಯಾರು, ಯಾವ ಕಡೆಯಿಂದ ಸರ್ವ್ ಮಾಡಬೇಕು?
– ಓದುಗರು, ಸಿಂಧನೂರು

ಉತ್ತರ: ತಂಗಿ, ನಿಮ್ಮ ಭಾವ ಇಲ್ಲದ್ದನ್ನೇನೂ ಹೇಳುತ್ತಿಲ್ಲ. ಹಳೆಯ 15 ಪಾಯಿಂಟಿನ ಆಟದಲ್ಲಿ ಸರ್ವ್ ಮಾಡಿದವರಿಗಷ್ಟೇ ಪಾಯಿಂಟ್ ಸಿಗುತ್ತಿತ್ತು. ಡಬಲ್ಸ್‌ನಲ್ಲಿ ಒಬ್ಬರ ಸರ್ವೀಸ್ ಹೋದರೆ ಜೊತೆಗಾರರಿಗೆ ಇನ್ನೊಂದು ಉಳಿದಿರುತ್ತಿತ್ತು. 2006ರಲ್ಲಿ 21 ಪಾಯಿಂಟಿನ ಪದ್ಧತಿ ಬಂದ ಮೇಲೆ ಸರ್ವ್ ಯಾರೇ ಮಾಡಲಿ, ಗೆದ್ದವರಿಗೆ ಪಾಯಿಂಟ್. ಸೆಕೆಂಡ್ ಸರ್ವೀಸ್ ಹೋಯಿತು. ಗಂಗಾವತಿ ಸೀಮೆಯಲ್ಲಿ ಪಿ.ಟಿ. ಮಾಸ್ತರನಾಗಿದ್ದಾಗ ನಾನು ಕಂಡ ಜಗಳಗಳಲ್ಲಿ ಹೆಚ್ಚಿನವು ಇದೇ ವಿಷಯಕ್ಕೆ.

ಸರ್ವ್ ಮಾಡುವ ಜೋಡಿಯ ಅಂಕ ನೋಡಿ. ಸೊನ್ನೆ ಅಥವಾ ಸಮ ಆಗಿದ್ದರೆ ಬಲಗಡೆ ನಿಂತವರು, ಬೆಸ ಆಗಿದ್ದರೆ ಎಡಗಡೆ ನಿಂತವರು ಸರ್ವ್ ಮಾಡಬೇಕು, ಅದೂ ಓರೆಯಾಗಿ ಎದುರಿನ ಬಾಕ್ಸಿಗೆ. ನೀವು ಬಲಗಡೆಯಿಂದ ಶುರು ಮಾಡಿ ಗೆದ್ದಿರಿ ಅನ್ನಿ: 1-0. ನೀವು ಎಡಕ್ಕೆ, ಯಜಮಾನರು ಬಲಕ್ಕೆ ಬಂದರು, ಸರ್ವ್ ನಿಮ್ಮದೇ. ಈ ಸಲ ಸೋತರೆ 1-1. ಈಗ ಯಾರೂ ಜಾಗ ಬದಲಿಸಬಾರದು. ಅವರ ಅಂಕ ಬೆಸ, ಆದ್ದರಿಂದ ಅವರಲ್ಲಿ ಎಡಗಡೆ ಇದ್ದವರ ಸರ್ವ್. ಅವರೂ ಸೋತರೆ ನಿಮಗೆ 2-1. ನಿಮ್ಮ ಅಂಕ ಸಮ, ಬಲಗಡೆ ಯಜಮಾನರಿದ್ದಾರೆ, ಸರ್ವ್ ಅವರದು. ಜಾಗ ಅದಲುಬದಲು ಆಗುವುದು ತಮ್ಮದೇ ಸರ್ವೀಸಿನಲ್ಲಿ ಪಾಯಿಂಟ್ ಗೆದ್ದ ಜೋಡಿಗೆ ಮಾತ್ರ.

ಆಟದ ನಡುವೆ ತಪ್ಪು ಜಾಗದಲ್ಲಿ ನಿಂತಿದ್ದು ಗೊತ್ತಾದರೆ ಜಾಗ ಸರಿಮಾಡಿಕೊಳ್ಳಿ, ಬಂದ ಪಾಯಿಂಟ್ ಹಾಗೇ ಇರಲಿ. ಪಾಯಿಂಟ್ ಕಳೆಯುವ ನಿಯಮವೇ ಇಲ್ಲ. ಪ್ರತಿ ಸರ್ವಿಗೂ ಮುಂಚೆ ಅಂಕ ಜೋರಾಗಿ ಹೇಳಿ, ಸರ್ವ್ ಮಾಡುವವರದು ಮೊದಲು. ನನ್ನ ಹುಡುಗರಿಗೆ ಇದನ್ನು ಕಡ್ಡಾಯ ಮಾಡಿದ್ದೆ.

ಪ್ರಶ್ನೆ: ಸರ್ವ್ ಮಾಡಿದ ಶಟಲ್ ನೆಟ್ಟಿಗೆ ತಾಗಿ ಆಚೆ ಬಿದ್ದರೆ ಮತ್ತೆ ಹಾಕಬೇಕೇ? ಎಷ್ಟು ಎತ್ತರದಿಂದ ಹೊಡೆಯಬಹುದು?
– ಐಟಿಐ ವಿದ್ಯಾರ್ಥಿ, ರಾಯಚೂರು

ಉತ್ತರ: ಬೇಡ ತಮ್ಮಾ. ಸರಿಯಾದ ಬಾಕ್ಸಿನಲ್ಲಿ ಬಿದ್ದರೆ ಅದು ಒಳ್ಳೆಯ ಸರ್ವೇ. ಗೆರೆಯ ಮೇಲೆ ಬಿದ್ದದ್ದೂ ಒಳಗೇ. ನೆಟ್ಟಿಗೆ ತಾಗಿದ ಸರ್ವನ್ನು ಮತ್ತೆ ಹಾಕುವುದು ಟೆನಿಸ್‌ನಲ್ಲಿ; ಅದನ್ನು ನೋಡಿದವರು ಇಲ್ಲಿ ಗೊಂದಲ ಮಾಡಿಕೊಳ್ಳುತ್ತಾರೆ. ಆದರೆ ಆಟ ನಡೆಯುವಾಗ ರ‍್ಯಾಕೆಟ್ ಅಥವಾ ಮೈ ನೆಟ್ಟಿಗೆ ತಾಗಿದರೆ ಪಾಯಿಂಟ್ ಎದುರಿನವರಿಗೆ.

ಎತ್ತರಕ್ಕೆ ಮೊದಲು ಸೊಂಟದ ಲೆಕ್ಕ ಇತ್ತು. ದೊಡ್ಡ ಪಂದ್ಯಗಳಲ್ಲಿ ಈಗ ಹೊಡೆಯುವ ಕ್ಷಣದಲ್ಲಿ ಇಡೀ ಶಟಲ್ ನೆಲದಿಂದ 1.15 ಮೀಟರಿಗಿಂತ ಕೆಳಗಿರಬೇಕು. ನೆಟ್ ಕಂಬದ ಮೇಲೆ ಟೇಪಿನಿಂದ ಅಳೆದು ಬಣ್ಣದ ಗೆರೆ ಎಳೆಯಿರಿ. ನೆಟ್ ಕಂಬದ ಹತ್ತಿರ 1.55 ಮೀಟರ್ ಇರುತ್ತದೆ, ಗೆರೆ ಅದಕ್ಕಿಂತ 40 ಸೆಂ.ಮೀ. ಕೆಳಗೆ ಬರುತ್ತದೆ. ಸರ್ವ್ ಮುಗಿಯುವ ತನಕ ಎರಡೂ ಪಾದ ನೆಲಕ್ಕೆ ತಾಗಿರಬೇಕು, ಎಳೆದಾಡಬಾರದು.

ಪ್ರಶ್ನೆ: ಬೇಸಿಗೆಯಲ್ಲಿ ಬಯಲಲ್ಲಿ ಆಡುವಾಗ ಮೆಲ್ಲಗೆ ಹೊಡೆದರೂ ಶಟಲ್ ಆಚೆ ಹೋಗುತ್ತದೆ. ಏಕೆ?
– ಓದುಗರು, ಬಳ್ಳಾರಿ

ಉತ್ತರ: ಬಿಸಿ ಗಾಳಿ ತೆಳುವಾಗಿರುತ್ತದೆ, ಶಟಲನ್ನು ತಡೆಯುವ ಶಕ್ತಿ ಅದಕ್ಕೆ ಕಡಿಮೆ. ನೈಲಾನ್ ಶಟಲ್ ಕೊಳ್ಳುವಾಗ ಬುಡದ ಪಟ್ಟಿಯ ಬಣ್ಣ ನೋಡಿ: ಹಸಿರು ನಿಧಾನ, ನೀಲಿ ಮಧ್ಯಮ, ಕೆಂಪು ವೇಗ. ನಮ್ಮ ಬಿಸಿಲಿಗೆ ಹಸಿರೇ ಸರಿ. ಗಾಳಿ ಒಂದೇ ಕಡೆ ಬೀಸುತ್ತಿದ್ದರೆ ಪ್ರತಿ ಗೇಮಿಗೂ ಅಂಗಳದ ಕಡೆ ಬದಲಿಸುವುದನ್ನು ಬಿಡಬೇಡಿ. ಮೂರನೆಯ ಗೇಮಿನಲ್ಲಿ ಒಬ್ಬರ ಅಂಕ 11 ಆದ ಕೂಡಲೇ ಮತ್ತೊಮ್ಮೆ ಬದಲಿಸಿ.