ತೋಟದ ಮನೆಗೆ ತ್ರೀ ಫೇಸ್ ತೆಗೆದುಕೊಂಡರೆ ಪಂಪು, ಹಟ್ಟಿ, ಅಡಿಕೆ ಶೆಡ್ಡಿನ ತೊಂದರೆಯೆಲ್ಲ ಮುಗಿಯುತ್ತದೆಯೇ?

ನಿಮ್ಮದು ಕಾಸರಗೋಡಿನ ಬದಿಯಡ್ಕ ಕಡೆಯ ಹಳೆ ಸಿಂಗಲ್ ಫೇಸ್ (ಒಂದೇ ಕರೆಂಟು ವಯರು ಬರುವ) ಮನೆ. 120 ಮೀಟರ್ ದೂರದ ಬಾವಿಯ 3 ಎಚ್‌ಪಿ ಪಂಪಿಗೆ ಮನೆಯಿಂದಲೇ 2.5 ಚದರ ಮಿ.ಮೀ. ತಾಮ್ರದ ವಯರು ಹೋಗಿದೆ. ಪಂಪು ಹಾಕಿದೊಡನೆ ಬಲ್ಬು ಮಂಕು, ಬೇಸಿಗೆಯಲ್ಲಿ ಮೋಟಾರು ಕೈ ಇಡಲಾಗದಷ್ಟು ಬಿಸಿ. ಈಗ ಹಟ್ಟಿಗೆ ಹಾಲು ಕರೆಯುವ ಯಂತ್ರ, ಶೆಡ್ಡಿಗೆ ಅಡಿಕೆ ಸುಲಿಯುವ ಯಂತ್ರ ಬರಬೇಕು. ತ್ರೀ ಫೇಸ್ (ಮೂರು ಕರೆಂಟು ವಯರು ಬರುವ ಕನೆಕ್ಷನ್) ಸಾಕೇ ಎಂದು ಕೇಳಿದ್ದೀರಿ. ಅದೊಂದರಿಂದಲೇ ಸಾಲದು. ನಿಮಗಿರುವುದು ಎರಡು ಬೇರೆ ಬೇರೆ ತೊಂದರೆ.

ಅರ್ಜಿ ಹಾಕುವ ಮೊದಲು ಮೀಟರ್ ಹಿಡಿದು ನೋಡಿ. ಪಂಪು ಓಡುತ್ತಿರುವಾಗ ಮನೆಯ ಮೈನಿನಲ್ಲಿ ಒಮ್ಮೆ, ಪಂಪ್ ಶೆಡ್ಡಿನ ಸ್ಟಾರ್ಟರಿನಲ್ಲಿ ಒಮ್ಮೆ ವೋಲ್ಟೇಜ್ ಅಳೆಸಿ. ಮೈನಿನಲ್ಲೇ ಇಳಿದರೆ ದೋಷ ಸರ್ವಿಸ್ ವಯರಿನದ್ದೋ ಕಂಬದ ಜಾಯಿಂಟಿನದ್ದೋ ಲೈನಿನದ್ದೋ. ಬಲ್ಬು ಮಂಕಾಗುವುದು ಇದರಿಂದ. ಮೈನಿನಲ್ಲಿ ಸರಿಯಿದ್ದು ಸ್ಟಾರ್ಟರಿನಲ್ಲಿ ಕಡಿಮೆಯಾದರೆ ದೋಷ ನಿಮ್ಮದೇ ವಯರಿನದ್ದು. ಲೆಕ್ಕ ಹೀಗೆ: 3 ಎಚ್‌ಪಿ ಸಿಂಗಲ್ ಫೇಸ್ ಮೋಟಾರು ಸುಮಾರು 18 ಆಂಪಿಯರ್ ಎಳೆಯುತ್ತದೆ. 2.5 ಚದರದ ತಾಮ್ರಕ್ಕೆ ಕಿಲೋಮೀಟರಿಗೆ ಸುಮಾರು 7.4 ಓಮ್. ಹೋಗಿ ಬರುವ 240 ಮೀಟರಿನಲ್ಲಿ 32 ವೋಲ್ಟ್ ದಾರಿಯಲ್ಲೇ ಹೋಯಿತು! ಲೈನಿನಲ್ಲಿ 210 ಇರುವ ದಿನ ಮೋಟಾರಿಗೆ ಸಿಗುವುದು 178. ಬಿಸಿಯಾಗದೆ ಇನ್ನೇನಾದೀತು? ಅದೇ 3 ಎಚ್‌ಪಿಯ ತ್ರೀ ಫೇಸ್ ಮೋಟಾರು ಎಳೆಯುವುದು ಫೇಸಿಗೆ ಸುಮಾರು 5 ಆಂಪಿಯರ್. 10 ಚದರದ ಅಲ್ಯೂಮಿನಿಯಂ ಕೇಬಲಿನಲ್ಲಿ, ತ್ರೀ ಫೇಸಿನ 415 ವೋಲ್ಟಿನಲ್ಲಿ ಇಳಿಯುವುದು ಬರೀ 3 ವೋಲ್ಟ್ ಆಸುಪಾಸು. ಅಂದರೆ ಮೋಟಾರು ಮತ್ತು ಕೇಬಲು ಎರಡೂ ಬದಲಾಗಬೇಕು, ಬರೀ ಮೀಟರ್ ಬದಲಿಸಿ ಪ್ರಯೋಜನವಿಲ್ಲ.

ನಾನಾದರೆ ಪಂಪನ್ನು ಮನೆಯ ಮೀಟರಿನಿಂದ ಪೂರ್ತಿ ಬಿಡಿಸಿ, ಅದಕ್ಕೆ ಕೃಷಿ ದರದ (ಎಲ್‌ಟಿ 5ಎ) ಬೇರೆ ಕನೆಕ್ಷನ್ ತೆಗೆದುಕೊಳ್ಳುತ್ತೇನೆ. ಆದರೆ ಆ ಮೀಟರಿನಿಂದ ಮನೆಗೋ ಸುಲಿಯುವ ಯಂತ್ರಕ್ಕೋ ವಯರು ಎಳೆಯಬೇಡಿ. ತಪಾಸಣೆಯಲ್ಲಿ ಸಿಕ್ಕಿದರೆ 2003ರ ವಿದ್ಯುತ್ ಕಾಯ್ದೆಯ 126ನೇ ಸೆಕ್ಷನ್ ಪ್ರಕಾರ ಎರಡು ಪಟ್ಟು ದರದ ಬಿಲ್ಲು. ಪಂಪು ಬಿಟ್ಟರೂ ಮನೆಗೆ 3, ಗೀಸರಿಗೆ 2, ಸುಲಿಯುವ ಯಂತ್ರಕ್ಕೆ 1.5, ಹಾಲಿನ ಯಂತ್ರಕ್ಕೆ 0.75 ಸೇರಿ 7 ಕಿಲೋವ್ಯಾಟ್ ದಾಟುತ್ತದೆ. ಕೇರಳದಲ್ಲಿ ಸಿಂಗಲ್ ಫೇಸ್ 5 ಕಿಲೋವ್ಯಾಟಿನವರೆಗೆ ಮಾತ್ರ, ಹಾಗಾಗಿ ಮನೆಗೂ ತ್ರೀ ಫೇಸ್ ಬೇಕು. ಅರ್ಜಿ ಕೆಎಸ್‌ಇಬಿ (ಕೇರಳದ ವಿದ್ಯುತ್ ಮಂಡಳಿ) ಸೆಕ್ಷನ್ ಆಫೀಸಿಗೆ. ಲೈಸೆನ್ಸ್ ಇರುವ ವಯರ್‌ಮ್ಯಾನ್ ಕೆಲಸ ಮುಗಿಸಿ ರಿಪೋರ್ಟ್ ಕೊಡಬೇಕು.

ತ್ರೀ ಫೇಸ್ ಬಂದ ಮೇಲೆ ನನಗೆ ಹೆದರಿಕೆ ಇರುವುದು ನ್ಯೂಟ್ರಲಿನದ್ದು, ಅಂದರೆ ಕರೆಂಟು ಮರಳಿ ಹೋಗುವ ವಯರಿನದ್ದು. ಅದು ಎಲ್ಲಾದರೂ ಕಳಚಿತೋ, ಕಡಿಮೆ ಲೋಡ್ ಇರುವ ಫೇಸಿನ ಟಿವಿ, ಫ್ರಿಜ್ಜುಗಳಿಗೆ 230ರ ಬದಲು 400ರ ಹತ್ತಿರ ನುಗ್ಗಬಹುದು. ಅಲ್ಯೂಮಿನಿಯಂ ಸರ್ವಿಸ್ ವಯರು ತಾಮ್ರಕ್ಕೆ ಸೇರುವಲ್ಲಿ ಬರೀ ತಿರುಚಿ ಟೇಪು ಸುತ್ತಿದರೆ ಒಂದೆರಡು ಮಳೆಗಾಲದಲ್ಲೇ ಬಿಳಿ ಪುಡಿ ಕಟ್ಟುತ್ತದೆ; ಬೈಮೆಟಲ್ ಲಗ್ (ಎರಡೂ ಲೋಹಕ್ಕೆ ಹೊಂದುವ ಜೋಡಣೆ ತುಂಡು) ಹಾಕಿಸಿ. ಓವರ್ ವೋಲ್ಟೇಜಿಗೆ ಕಟ್ ಆಗುವ ರಿಲೇ ಒಂದು ಇರಲಿ. ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಸಿಡಿಲಿಗೆ ಡಿಬಿಯಲ್ಲಿ (ವಯರು ಹಂಚುವ ಪೆಟ್ಟಿಗೆ) ಟೈಪ್ 2 ಸರ್ಜ್ ಪ್ರೊಟೆಕ್ಟರ್ (ಒಮ್ಮೆಲೇ ನುಗ್ಗುವ ವೋಲ್ಟೇಜ್ ತಡೆಯುವ ಸಾಧನ) ಕೂಡ.

ಹಟ್ಟಿಗೂ ಶೆಡ್ಡಿಗೂ ಒಂದೊಂದು ಚಿಕ್ಕ ಡಿಬಿ, ಕರೆಂಟು ಸೋರಿದರೆ ಕಟ್ ಮಾಡುವ ಒಂದೊಂದು 30 ಮಿಲಿ ಆಂಪಿಯರಿನ ಆರ್‌ಸಿಸಿಬಿ. ಎಲ್ಲವನ್ನೂ ಮನೆಯ ಆರ್‌ಸಿಸಿಬಿ ಒಂದಕ್ಕೇ ತೂಗುಹಾಕಿದರೆ ಹಟ್ಟಿಯ ತೇವಕ್ಕೆ ಮನೆಯೆಲ್ಲ ಕತ್ತಲೆ. ಒಂದರ ನ್ಯೂಟ್ರಲನ್ನು ಇನ್ನೊಂದಕ್ಕೆ ಸೇರಿಸಬಾರದು, ಸೇರಿದರೆ ಸುಮ್ಮಸುಮ್ಮನೆ ಬೀಳುತ್ತಿರುತ್ತದೆ. ನಮಗೆ ಜುಮ್ಮೆನ್ನುವ ಸೋರಿಕೆ, ಗಂಜಳದ ನೆಲದಲ್ಲಿ ನಿಂತ ದನಕ್ಕೆ ಪ್ರಾಣ ಹೋಗುವ ಮಾತು. ಹಾಗಾಗಿ ಅಲ್ಲಿ ಪಿವಿಸಿ ಪೈಪಿನ ವಯರಿಂಗ್, ಗೊಂತಿನ ಕಬ್ಬಿಣದ ಪೈಪುಗಳನ್ನೆಲ್ಲ ಅರ್ತಿಗೆ ಜೋಡಿಸುವುದು, ಸ್ವಿಚ್ಚು ಹೊರಗಡೆ.

ಅರ್ತನ್ನು ಅಂಗಳದ ಮುರಕಲ್ಲಿನಲ್ಲಿ (ಜಂಬಿಟ್ಟಿಗೆ) ಹಾಕಬೇಡಿ. ಮಾರ್ಚ್ ತಿಂಗಳಿಗೆ ಅದು ಒಣಗಿ ಅರ್ತ್ ಇದ್ದೂ ಇಲ್ಲದ ಹಾಗೆ. ಬಚ್ಚಲಿನ ನೀರು ಹೋಗುವ ಕಡೆಗೋ ತೋಟದ ತೋಡಿನ ಬದಿಗೋ ಎರಡೂವರೆ ಮೀಟರಿನ ಜಿಐ ಪೈಪು ಇಳಿಸಿ. ತ್ರೀ ಫೇಸ್ ಮೋಟಾರಿಗೆ ಎರಡು ಬೇರೆ ಬೇರೆ ಅರ್ತ್ ವಯರು ಬೇಕು.

ತೋಟದೊಳಗೆ ವಯರನ್ನು ಮೇಲಿಂದ ಎಳೆಯುವ ಉಳಿತಾಯ ಬೇಡವೇ ಬೇಡ. ಹಾಳೆ, ಸೋಗೆ ಬಿದ್ದು ತುಂಡಾಗುವುದು ಒಂದು. ಮದ್ದು ಬಿಡುವ, ಕೊಯ್ಯುವ ದೋಟಿ ತಾಗುವುದು ಇನ್ನೊಂದು. ಅಲ್ಯೂಮಿನಿಯಂ ದೋಟಿ ಮಾತ್ರವಲ್ಲ, ಕಾರ್ಬನ್ ಫೈಬರಿನದ್ದೂ ಕರೆಂಟು ಹರಿಸುತ್ತದೆ. 75 ಸೆಂಟಿಮೀಟರ್ ಆಳದಲ್ಲಿ ಆರ್ಮರ್ಡ್ (ಲೋಹದ ಕವಚವಿರುವ) ಕೇಬಲು, ಕೆಳಗೂ ಮೇಲೂ ಹೊಯಿಗೆ (ಮರಳು), ಅದರ ಮೇಲೆ ಸಾಲಾಗಿ ಇಟ್ಟಿಗೆ. ಗುದ್ದಲಿ ಮೊದಲು ಇಟ್ಟಿಗೆಗೆ ತಾಗಬೇಕು.

ಮೋಟಾರಿಗೆ ಓವರ್‌ಲೋಡ್ ರಿಲೇ ಇರುವ ಡಿಒಎಲ್ ಸ್ಟಾರ್ಟರ್ (ಮೋಟಾರನ್ನು ನೇರ ಲೈನಿಗೆ ಜೋಡಿಸುವಂಥದ್ದು), ಜೊತೆಗೆ ಒಂದು ಫೇಸ್ ಹೋದರೆ ಮೋಟಾರು ನಿಲ್ಲಿಸುವ ಸಿಂಗಲ್ ಫೇಸ್ ಪ್ರಿವೆಂಟರ್ ಖಂಡಿತ ಬೇಕು. ಮಳೆಗಾಲದಲ್ಲಿ ಒಂದು ಫೇಸ್ ಹೋದಾಗ ಕಾಯಿಲ್ ಸುಡುವುದು ಇದಿಲ್ಲದೆ. ಲೈನಿನಲ್ಲಿ ಕೆಲಸ ಆದ ಮೇಲೆ ಪಂಪು ಓಡುತ್ತದೆ, ತೋಟಕ್ಕೆ ನೀರು ಚಿಮ್ಮಿಸುವ ಜೆಟ್ಟಿನಲ್ಲಿ ನೀರು ಮಾತ್ರ ಕಡಿಮೆ ಎಂದಾದರೆ ಫುಟ್‌ವಾಲ್ವ್ ಬಿಚ್ಚಲು ಹೋಗಬೇಡಿ. ಫೇಸ್ ಅದಲುಬದಲಾಗಿ ಮೋಟಾರು ಹಿಂದಕ್ಕೆ ತಿರುಗುತ್ತಿರಬಹುದು. ಮೈನ್ ಆಫ್ ಮಾಡಿಸಿ, ಸ್ಟಾರ್ಟರಿನಿಂದ ಮೋಟಾರಿಗೆ ಹೋಗುವ ಮೂರರಲ್ಲಿ ಯಾವುದಾದರೂ ಎರಡು ವಯರನ್ನು ವಯರ್‌ಮ್ಯಾನಿನ ಕೈಯಲ್ಲಿ ಅದಲುಬದಲು ಮಾಡಿಸಿದರೆ ಆಯಿತು.