ಕೊಟ್ಟರೆ ಸಾಕಾ, ಕೇಳಲೂಬೇಕಾ?

ಬಡವರಿಗಾಗಿ ಹಣ ಕೂಡಿಸುವ, ಅವರ ಪರವಾಗಿ ನಾಲ್ಕು ಮಾತಾಡುವ ಕ್ರೈಸ್ತ ಕುಟುಂಬಗಳ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕೇಳಿದ್ದೆವು. ಬಂದವುಗಳಲ್ಲಿ ಕೆಲವು ಇಲ್ಲಿವೆ. ಹೆಸರು ಹಾಕಬೇಡಿ ಎಂದು ಹೆಚ್ಚಿನವರು ಬರೆದಿದ್ದರಿಂದ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ನಮ್ಮ ಸಭೆಯ ನಾಲ್ಕೈದು ಕುಟುಂಬಗಳು ಸೇರಿ ಬಡವರಿಗಾಗಿ ತಿಂಗಳು ತಿಂಗಳು ಏನಾದರೂ ಕೂಡಿಸೋಣ ಎಂದುಕೊಂಡಿದ್ದೇವೆ. ಎಲ್ಲರದ್ದೂ ಸಂಬಳದ ಬದುಕು. ಮನೆ ಸಾಲ, ಮಕ್ಕಳ ಫೀಸು ಎಲ್ಲ ಇದೆ. ‘ಇಷ್ಟು ಚಿಲ್ಲರೆ ದುಡ್ಡಿನಿಂದ ಏನಾಗುತ್ತೆ’ ಎಂದು ನಮ್ಮಲ್ಲೇ ಒಬ್ಬರು ನಕ್ಕುಬಿಟ್ಟರು. ಎಲ್ಲಿಂದ ಶುರು ಮಾಡುವುದು?

ಉತ್ತರ: ನಕ್ಕವರನ್ನೂ ಸೇರಿಸಿಕೊಳ್ಳಿ. ಲೆಕ್ಕ ಬರೆಯೋಕೆ ಅಂಥವರೇ ಸರಿ.

ಮೊದಲ ಶತಮಾನದ ಅಪೊಸ್ತಲ ಪೌಲನು ಯೆರೂಸಲೇಮಿನ ಬಡವರಿಗಾಗಿ ಹಣ ಕೂಡಿಸಿದ್ದು ಹೇಗೆ ಅಂತ ನೋಡಿ. ಕೊರಿಂಥದವರಿಗೆ ಬರೆದ ಮೊದಲ ಪತ್ರದ 16ನೇ ಅಧ್ಯಾಯದಲ್ಲಿದೆ. ವಾರದ ಮೊದಲ ದಿನ ಪ್ರತಿಯೊಬ್ಬರೂ ತಮ್ಮ ಸಂಪಾದನೆಗೆ ತಕ್ಕಷ್ಟು ಎತ್ತಿಡಿ, ನಾನು ಬಂದಮೇಲೆ ವಸೂಲಿಗೆ ಹೊರಡೋದು ಬೇಡ ಎನ್ನುತ್ತಾನೆ. ವ್ಯವಹಾರ ಗೊತ್ತಿದ್ದ ಮನುಷ್ಯ! ತಿಂಗಳ ಕೊನೆಗೆ ಉಳಿದರೆ ಕೊಡೋಣ ಅಂದರೆ ಉಳಿಯೋದಿಲ್ಲ, ಅದು ನಿಮಗೂ ಗೊತ್ತು, ನನಗೂ ಗೊತ್ತು. ಸಂಬಳ ಬಂದ ದಿನವೇ ತೆಗೆದಿಡಿ.

ಸಾಮಾನ್ಯ ಮನೆಗಳು ಹೀಗೆ ಮಾಡಿ ತೋರಿಸಿವೆ. ಮಿಜೋರಾಂನ ಪ್ರೆಸ್ಬಿಟೇರಿಯನ್ ಎಂಬ ಪ್ರೊಟೆಸ್ಟಂಟ್ ಪಂಥದ ಮನೆಗಳಲ್ಲಿ 1910ರಿಂದ ಹೆಂಗಸರು ಅನ್ನಕ್ಕಿಡುವಾಗೆಲ್ಲ ಒಂದು ಹಿಡಿ ಅಕ್ಕಿ ಬೇರೆ ತೆಗೆದಿಡುತ್ತಾ ಬಂದರು. ಅದನ್ನು ಕೂಡಿಸಿ, ಮಾರಿ, ಬಂದ ಹಣದಲ್ಲಿ ಅಲ್ಲಿನ ಚರ್ಚು ತನ್ನ ಎಷ್ಟೋ ಕೆಲಸ ನಡೆಸಿದೆ. ಅಮೆರಿಕದ ಪೆನ್ಸಿಲ್ವೇನಿಯಾದ ಅಲೆನ್‌ಟೌನ್‌ನಲ್ಲಿ 1975ರಲ್ಲಿ ಆಫ್ರಿಕಾದ ಬರಗಾಲದ ಸುದ್ದಿ ಕೇಳಿ ಶುರುವಾದ ‘ರೈಸ್ ಬೌಲ್’ ಕೂಡ ಇದೇ ಜಾಡಿನದು. ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದಲ್ಲಿ ಊಟದ ಮೇಜಿನ ಮೇಲೆ ಒಂದು ರಟ್ಟಿನ ಪೆಟ್ಟಿಗೆ ಇಟ್ಟುಕೊಳ್ಳುತ್ತಾರೆ. ಸರಳವಾಗಿ ಊಟ ಮಾಡಿ, ಉಳಿದ ದುಡ್ಡನ್ನು ಅದಕ್ಕೆ ಹಾಕುತ್ತಾರೆ. ಕೂಡಿದ್ದರಲ್ಲಿ ಕಾಲು ಭಾಗ ಅವರದೇ ಧರ್ಮಪ್ರಾಂತ್ಯದ (ಒಬ್ಬ ಬಿಷಪ್ಪರ ಆಡಳಿತದ ಪ್ರದೇಶ) ಬಡವರಿಗೆ, ಮುಕ್ಕಾಲು ಭಾಗ ಹೊರದೇಶಗಳ ಕೆಲಸಕ್ಕೆ ಹೋಗುತ್ತದೆ.

ಆ ಪೆಟ್ಟಿಗೆ ಇಟ್ಟ ಜಾಗ ನನಗೆ ಬಹಳ ಹಿಡಿಸಿತು. ಬೀರುವಿನೊಳಗೆ ಇಟ್ಟಿದ್ದರೆ ಅಪ್ಪ ಒಬ್ಬನೇ ದುಡ್ಡು ಹಾಕಿ ಮುಗಿಸುತ್ತಿದ್ದ. ಊಟಕ್ಕೆ ಕೂತ ಕಡೆ ಇದ್ದರೆ ಮಗು ಕೇಳಿಯೇ ಕೇಳುತ್ತೆ: ಇದು ಯಾರಿಗೆ? ಅವರಿಗೆ ಯಾಕೆ ಇಲ್ಲ? ಎರಡನೇ ಪ್ರಶ್ನೆಗೆ ಉತ್ತರ ಹುಡುಕುವಾಗ ನಿಮ್ಮ ನಿಜವಾದ ಕೆಲಸ ಶುರುವಾಗುತ್ತೆ. ಅದರ ಬಗ್ಗೆ ಮುಂದೆ ಬರೆದಿದ್ದೇನೆ.

ಇನ್ನೆರಡು ಮಾತು. ಸುಮ್ನೆ ‘ಬಡವರಿಗಾಗಿ’ ಎಂದು ಕೂಡಿಸಬೇಡಿ. ಒಬ್ಬ ಹುಡುಗಿಯ ಓದು, ಒಬ್ಬರ ಔಷಧಿ, ಹೀಗೆ ಒಂದು ಕೆಲಸ ಹಿಡಿದುಕೊಳ್ಳಿ. ಮತ್ತೆ, ಎಲ್ಲರೂ ಇಷ್ಟಿಷ್ಟು ಹಾಕಲೇಬೇಕು ಎಂಬ ಕಟ್ಟುಪಾಡು ಬೇಡ. ಕೆಲಸ ಕಳೆದುಕೊಂಡವರು ಎರಡು ತಿಂಗಳು ಏನೂ ಹಾಕದಿದ್ದರೆ ಅದು ಉಳಿದವರಿಗೆ ಗೊತ್ತಾಗುವ ಅಗತ್ಯವೇ ಇಲ್ಲ.

ಪ್ರಶ್ನೆ: ಬಲಗೈ ಮಾಡಿದ್ದು ಎಡಗೈಗೆ ತಿಳಿಯಬಾರದು ಅಂತ ಯೇಸು ಹೇಳಿದ್ದಾನೆ. ಹಾಗಿದ್ದಮೇಲೆ ಲೆಕ್ಕಪತ್ರ ಓದಿ ಹೇಳೋದು ತಪ್ಪಲ್ವಾ? ನಮ್ಮ ಗುಂಪಿನಲ್ಲಿ ಹಣ ಇಟ್ಟುಕೊಂಡಿರುವ ಹಿರಿಯರು ಇದೇ ಮಾತು ಹೇಳುತ್ತಾರೆ.

ಉತ್ತರ: ಮತ್ತಾಯ 6ರ ಆ ಮಾತು ಕೊಡುವವರಿಗೆ. ಹಣ ಇಟ್ಟುಕೊಂಡವರಿಗೆ ಅಲ್ಲ. ಕೊಟ್ಟವರ ಹೆಸರು ಗುಟ್ಟಾಗಿರಲಿ, ಕೂಡಿದ ಮೊತ್ತ ಮತ್ತು ಖರ್ಚು ಎಲ್ಲರಿಗೂ ಕಾಣಲಿ. ಮತ್ತೆ ಪೌಲನೇ ನೆನಪಾಗುತ್ತಾನೆ. ಕೊರಿಂಥದವರಿಗೆ ಬರೆದ ಎರಡನೇ ಪತ್ರದ 8ನೇ ಅಧ್ಯಾಯದಲ್ಲಿ, ಈ ಹಣದ ವಿಷಯದಲ್ಲಿ ನಮ್ಮ ಮೇಲೆ ಯಾರೂ ತಪ್ಪು ಹೊರಿಸಬಾರದು ಎಂದು ಹೇಳಿ, ತನ್ನ ಜೊತೆಗಾರ ತೀತನ ಜೊತೆಗೆ ಸಭೆಗಳೇ ಆರಿಸಿದ ಇನ್ನೊಬ್ಬ ಸಹೋದರನನ್ನೂ ಕಳಿಸುತ್ತಾನೆ. ಪೌಲನಂಥವನೇ ‘ನನ್ನನ್ನು ನಂಬಿ’ ಎನ್ನಲಿಲ್ಲ.

ಪೆಟ್ಟಿಗೆ ತೆರೆಯುವಾಗ ಇಬ್ಬರಿರಲಿ, ಅವರು ಒಂದೇ ಮನೆಯವರಾಗಿರದಿರಲಿ. ಎಣಿಸಿದ ತಕ್ಷಣ ಪುಸ್ತಕದಲ್ಲಿ ಬರೆದು ಇಬ್ಬರೂ ಸಹಿ ಹಾಕಲಿ. ಹಣ ಒಬ್ಬರ ಸ್ವಂತ ಖಾತೆಯಲ್ಲಿ ಬೀಳದಿರಲಿ. ಒಂದು ಕೆಲಸಕ್ಕೆಂದು ಕೂಡಿಸಿದ್ದು ಜಾಸ್ತಿಯಾಗಿ ಉಳಿದರೆ ಏನು ಮಾಡುವುದು ಎಂದು ಮೊದಲೇ ಹೇಳಿಬಿಡಿ, ಜಗಳ ಹುಟ್ಟೋದು ಸಾಮಾನ್ಯವಾಗಿ ಅಲ್ಲೇ. ನಿಮ್ಮ ಹಿರಿಯರು ಪ್ರಾಮಾಣಿಕರೇ ಇರಬಹುದು. ಹಾಗಾದರೆ ಲೆಕ್ಕ ತೋರಿಸುವುದರಿಂದ ಅವರ ಮರ್ಯಾದೆ ಉಳಿಯುತ್ತೆ ಎಂದು ಮೆತ್ತಗೆ ಹೇಳಿ ನೋಡಿ.

ಪ್ರಶ್ನೆ: ನಾವು ಕೆಲವು ಹೆಂಗಸರು ಸೇರಿ ಒಬ್ಬ ವಿಧವೆಯ ಪಿಂಚಣಿಗಾಗಿ ಅಧಿಕಾರಿಗಳಿಗೆ ಅರ್ಜಿ ಬರೆದೆವು. ಅಂಥವರು ಇನ್ನೂ ಹಲವರಿದ್ದಾರೆ ಎಂದು ಗೊತ್ತಾಗಿ ಎಲ್ಲರ ಪರವಾಗಿ ಮಾತಾಡೋಣ ಎಂದಿದ್ದೇವೆ. ನನ್ನ ಗಂಡ ಬೇಡ ಅಂತಾರೆ. ‘ದುಡ್ಡು ಕೊಡು, ಪ್ರಾರ್ಥನೆ ಮಾಡು, ರಾಜಕೀಯ ನಮಗೆ ಯಾಕೆ’ ಅನ್ನೋದು ಅವರ ವಾದ.

ಉತ್ತರ: ನಿಮ್ಮ ಯಜಮಾನರ ಹೆದರಿಕೆ ನನಗೆ ಅರ್ಥವಾಗುತ್ತೆ. ಕೊಟ್ಟರೆ ಎಲ್ಲರೂ ಹೊಗಳುತ್ತಾರೆ, ಕೇಳಿದರೆ ಯಾರಿಗೋ ಸಿಟ್ಟು ಬರುತ್ತೆ. ಆದರೆ ಅವರು ಓದುವ ಬೈಬಲೇ ಅವರ ಕಡೆ ನಿಲ್ಲೋದಿಲ್ಲ. ಬಾಯಿಲ್ಲದವರಿಗಾಗಿ ಬಾಯಿ ತೆರೆ, ದಿಕ್ಕಿಲ್ಲದವರ ನ್ಯಾಯಕ್ಕಾಗಿ ಮಾತಾಡು ಎನ್ನುವುದು ಜ್ಞಾನೋಕ್ತಿ 31ರಲ್ಲಿದೆ. ಯೆಶಾಯ 10ರ ಶುರುವಿನಲ್ಲಿ ಪ್ರವಾದಿ ಬಯ್ಯೋದು ಜಿಪುಣರನ್ನಲ್ಲ, ಬಡವರ ಹಕ್ಕು ಕಿತ್ತುಕೊಳ್ಳುವ ಕಾನೂನು ಬರೆಯುವವರನ್ನು. ಅಪೊಸ್ತಲರ ಕೃತ್ಯ 6ನೇ ಅಧ್ಯಾಯವಂತೂ ನಿಮ್ಮದೇ ವಿಷಯ. ಯೆರೂಸಲೇಮಿನ ಮೊದಲ ಸಭೆಯಲ್ಲಿ ಗ್ರೀಕ್ ಮಾತಾಡುವ ವಿಧವೆಯರನ್ನು ದಿನದ ಹಂಚಿಕೆಯಲ್ಲಿ ಕಡೆಗಣಿಸುತ್ತಿದ್ದರು, ಅವರ ಕಡೆಯವರು ಗೊಣಗಿದರು, ದೂರು ಕೊಟ್ಟರು. ಅಪೊಸ್ತಲರು ‘ಸುಮ್ಮನಿರಿ, ಪ್ರಾರ್ಥನೆ ಮಾಡಿ’ ಎನ್ನಲಿಲ್ಲ. 7 ಜನರನ್ನು ಆರಿಸಿಕೊಳ್ಳಲು ಹೇಳಿ ಹಂಚಿಕೆಯ ವ್ಯವಸ್ಥೆಯನ್ನೇ ಸರಿ ಮಾಡಿಸಿದರು.

ಇನ್ನು ಮನೆಯ ಹೆಂಗಸರಿಂದ ಏನಾಗುತ್ತೆ ಎನ್ನುವವರಿಗೆ ಒಂದು ಹಳೆಯ ಸಂಗತಿ. 1791ರಲ್ಲಿ ಗುಲಾಮರ ವ್ಯಾಪಾರ ನಿಲ್ಲಿಸುವ ಮಸೂದೆಯನ್ನು ಬ್ರಿಟನ್ನಿನ ಪಾರ್ಲಿಮೆಂಟು ತಳ್ಳಿಹಾಕಿತು. ಓಟು ಹಾಕುವ ಹಕ್ಕೇ ಇಲ್ಲದ ಹೆಂಗಸರು, ಕ್ವೇಕರ್ ಎಂಬ ಕ್ರೈಸ್ತ ಪಂಥದ ಮನೆಗಳವರು, ಇನ್ನೂ ಎಷ್ಟೋ ಸಭೆಗಳವರು ಗುಲಾಮರು ಬೆಳೆದ ಸಕ್ಕರೆಯನ್ನೇ ಬಿಟ್ಟರು. ಈ ವ್ಯಾಪಾರದ ವಿರುದ್ಧ ಊರೂರು ತಿರುಗಿದ ಥಾಮಸ್ ಕ್ಲಾರ್ಕ್‌ಸನ್, ಹೀಗೆ ಸಕ್ಕರೆ ಬಿಟ್ಟವರು ಸುಮಾರು 3 ಲಕ್ಷ ಜನ ಎಂದು ಅಂದಾಜು ಮಾಡಿದರು. ಸಕ್ಕರೆ ಬಿಟ್ಟಿದ್ದರಿಂದಲೇ ಕಾನೂನು ಬಂತು ಅಂತ ನಾನು ಹೇಳುತ್ತಿಲ್ಲ, ಅದಕ್ಕೆ 1807ರವರೆಗೆ ಕಾಯಬೇಕಾಯಿತು. ಆದರೆ ಅತಿಥಿಗಳಿಗೆ ಸಕ್ಕರೆಯಿಲ್ಲದ ಚಹಾ ಕೊಟ್ಟಾಗ ‘ಯಾಕೆ’ ಅಂತ ಕೇಳದವರು ಇರುತ್ತಾರಾ? ಮಾತು ಅಲ್ಲಿಂದ ಹಬ್ಬಿತು.

ನಮ್ಮ ಕಾಲದ್ದೇ ಬೇಕೆಂದರೆ 1998ರ ಮೇ 16 ಇದೆ. ದೊಡ್ಡ ದೇಶಗಳ ನಾಯಕರು ಬರ್ಮಿಂಗ್‌ಹ್ಯಾಮ್‌ನಲ್ಲಿ ಸಭೆ ಸೇರಿದಾಗ ಸುಮಾರು 70 ಸಾವಿರ ಜನ ಕೈ ಕೈ ಹಿಡಿದು ಸರಪಳಿಯಾಗಿ ನಿಂತರು, ಬಡ ದೇಶಗಳ ಸಾಲ ಮನ್ನಾ ಮಾಡಿ ಎಂದು. ‘ಜೂಬಿಲಿ 2000’ ಎಂಬ ಆ ಚಳವಳಿಯ ಹೆಸರು ಬೈಬಲಿನ ಯಾಜಕಕಾಂಡ 25ರಲ್ಲಿ ಹೇಳಿದ, ಜೀತಕ್ಕಿದ್ದವರಿಗೆ 50ನೇ ವರ್ಷ ಸಿಗುವ ಬಿಡುಗಡೆಯಿಂದ ಬಂದದ್ದು. ನಿಂತವರಲ್ಲಿ ಸಾಮಾನ್ಯ ಚರ್ಚಿನ ಜನ ಬಹಳ ಇದ್ದರು. ಮರುವರ್ಷ ಕಲೋನ್‌ನಲ್ಲಿ ಅದೇ ದೇಶಗಳು ಮೊದಲಿಗಿಂತ ಹೆಚ್ಚು ಸಾಲ ಬಿಟ್ಟುಕೊಡಲು ಒಪ್ಪಿದವು.

ಈಗ ನಿಮ್ಮ ಅರ್ಜಿ. ಯಾವ ಪಕ್ಷದ ಹೆಸರೂ ಬೇಡ, ಯಾರಿಗೆ ಓಟು ಹಾಕಬೇಕು ಎಂಬ ಸುದ್ದಿಯೂ ಬೇಡ. ಅದು ಇಲ್ಲದಿದ್ದರೆ ಯಜಮಾನರ ಅರ್ಧ ಹೆದರಿಕೆ ಹೋಗುತ್ತೆ. ಒಂದು ಪತ್ರದಲ್ಲಿ ಒಂದೇ ಬೇಡಿಕೆ. ಎಷ್ಟು ಜನ, ಎಷ್ಟು ತಿಂಗಳಿಂದ, ಯಾವ ಕಾಗದ ಕೊಟ್ಟಿದ್ದಾರೆ, ಏನು ಉತ್ತರ ಬಂದಿದೆ, ಇಷ್ಟು ಬರೆಯಿರಿ. ಕಣ್ಣೀರು ತರಿಸುವ ಮಾತು ಬೇಡ, ತಾರೀಕು ಇರಲಿ. ಅಮೆರಿಕದಲ್ಲಿ 1974ರಲ್ಲಿ ಶುರುವಾದ ‘ಬ್ರೆಡ್ ಫಾರ್ ದಿ ವರ್ಲ್ಡ್’ ಎಂಬ ಕ್ರೈಸ್ತ ಸಂಘಟನೆ ಇದನ್ನು ಆರಾಧನೆಯೊಳಗೇ ತಂದಿತು. ಹಸಿವಿನ ವಿಷಯವಾಗಿ ಜನಪ್ರತಿನಿಧಿಗಳಿಗೆ ಪತ್ರ ಬರೆಸಿ, ಅವನ್ನು ಕಾಣಿಕೆಯ ಹಾಗೆ ಅರ್ಪಿಸಿ, ಆಮೇಲೆ ಅಂಚೆಗೆ ಹಾಕುತ್ತಾರೆ. ಅಚ್ಚು ಹಾಕಿದ ಒಂದೇ ಪತ್ರಕ್ಕೆ ನೂರು ಸಹಿ ಹಾಕಿಸುವುದಕ್ಕಿಂತ ಹತ್ತು ಜನ ತಮ್ಮ ಕೈಯಲ್ಲೇ ಬರೆದರೆ ಓದುವವರಿಗೆ ಬೇರೆಯೇ ಅನ್ನಿಸುತ್ತೆ.

ಕಚೇರಿಗೆ ಹೋಗುವಾಗ ಆ ವಿಧವೆಯರೇ ಮುಂದೆ ನಡೆಯಲಿ. ನೀವು ಪಕ್ಕದಲ್ಲಿ ಕೂತಿರಿ, ಅವರು ತಡವರಿಸಿದರೂ ಅವರೇ ಮಾತಾಡಲಿ. ‘ಇವರಿಗೆ ಮಾತಾಡೋಕೆ ಬರೋಲ್ಲ ಸಾರ್’ ಎಂದು ನೀವೇ ಶುರು ಮಾಡಿದರೆ ಅಲ್ಲಿಗೆ ಅವರ ಬಾಯಿ ಎರಡನೇ ಸಲ ಮುಚ್ಚಿದಂತೆ.

ಪ್ರಶ್ನೆ: ಬಡವರಿಗೆ ಕೊಟ್ಟು ಕೊಟ್ಟು ಅವರನ್ನು ಸೋಮಾರಿಗಳನ್ನಾಗಿ ಮಾಡುತ್ತಿಲ್ಲವೇ?

ಉತ್ತರ: ಅಪ್ಪ ಬಿಟ್ಟುಹೋದ ಆಸ್ತಿಯಿಂದ ಎಷ್ಟು ಜನ ಸೋಮಾರಿಗಳಾಗಿದ್ದಾರೆ ಅಂತ ಯಾರೂ ಪತ್ರ ಬರೆಯೋದಿಲ್ಲ ನೋಡಿ. ನೀವು ನೆರವು ಕೊಟ್ಟ ಒಂದು ಮನೆಯವರ ಜೊತೆ ಬೆಳಗಿನಿಂದ ರಾತ್ರಿಯವರೆಗೆ ಇದ್ದು ಬನ್ನಿ, ಆಮೇಲೆ ಇದೇ ಪ್ರಶ್ನೆ ಕಳಿಸಿ.

ಪ್ರಶ್ನೆ: ಹಣ ಕೂಡಿಸುವ ಪೋಸ್ಟರಿಗೆ ಹರಿದ ಬಟ್ಟೆಯ, ಅಳುವ ಮಗುವಿನ ಫೋಟೋ ಹಾಕಿದರೆ ಜಾಸ್ತಿ ಹಣ ಬರುತ್ತೆ ಎಂದು ನಮ್ಮ ಯುವಕರು ಹೇಳುತ್ತಾರೆ. ನನಗೆ ಒಂಥರಾ ಕಸಿವಿಸಿ.

ಉತ್ತರ: ಬರುತ್ತೆ, ಸುಳ್ಳಲ್ಲ. ಎಗ್ಲಂಟೈನ್ ಜೆಬ್ ಎಂಬ ಆಂಗ್ಲಿಕನ್ ಹೆಣ್ಣುಮಗಳು 1919ರಲ್ಲಿ ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ಹಂಚಿದ ಕರಪತ್ರದಲ್ಲಿ ಹಸಿದು ಬಡಕಲಾದ ಆಸ್ಟ್ರಿಯಾದ ಮಗುವಿನ ಚಿತ್ರವೇ ಇತ್ತು. ಮಹಾಯುದ್ಧ ನಿಂತಿದ್ದರೂ ಬ್ರಿಟನ್ ಮತ್ತು ಅದರ ಮಿತ್ರ ದೇಶಗಳು ಸೋತ ದೇಶಗಳಿಗೆ ಹಾಕಿದ್ದ ದಿಗ್ಬಂಧನ ತೆಗೆದಿರಲಿಲ್ಲ, ಶತ್ರುಗಳ ಮಕ್ಕಳು ಸಾಯುತ್ತಿದ್ದರು. ಅನುಮತಿ ಇಲ್ಲದೆ ಹಂಚಿದ್ದಕ್ಕೆ ಆಕೆಯನ್ನು ಹಿಡಿದು 5 ಪೌಂಡ್ ದಂಡ ಹಾಕಿದರು. ಆಕೆಯ ವಿರುದ್ಧ ವಾದಿಸಿದ ಸರ್ಕಾರಿ ವಕೀಲರೇ ತಮ್ಮ ಜೇಬಿನಿಂದ 5 ಪೌಂಡ್ ಕೊಟ್ಟರಂತೆ, ‘ಸೇವ್ ದಿ ಚಿಲ್ಡ್ರನ್’ ನಿಧಿಗೆ ಬಂದ ಮೊದಲ ಕಾಣಿಕೆ ಅದು.

ಹಾಗಂತ ನಿಮ್ಮ ಯುವಕರು ಜೆಬ್ ಅವರನ್ನು ಆಸರೆ ಹಿಡಿಯುವುದು ಬೇಡ. ತನ್ನದೇ ಸರ್ಕಾರ ಮುಚ್ಚಿಟ್ಟದ್ದನ್ನು ಬಯಲಿಗೆಳೆಯಲು ಆಕೆ ಆ ಚಿತ್ರ ಬಳಸಿದಳು. ನಿಮ್ಮ ಮಗು ಹತ್ತಿರದ ಬೀದಿಯದು, ನಾಳೆ ಅದೇ ಪೋಸ್ಟರಿನ ಮುಂದೆ ಶಾಲೆಗೆ ನಡೆದುಹೋಗಬೇಕು, ಗೆಳೆಯರು ನೋಡುತ್ತಾರೆ. ಮುಖ ಹಾಕಬೇಡಿ. ಹಾಕಲೇಬೇಕು ಅಂದರೆ ಅಪ್ಪ ಅಮ್ಮನನ್ನು ಕೇಳಿ, ಮಗುವನ್ನೂ ಕೇಳಿ. ಕೇಳುವಾಗ ಕೈಯಲ್ಲಿ ಹಣದ ಲಕೋಟೆ ಇರಬಾರದು. ಇದ್ದರೆ ಅವರು ಒಪ್ಪಿದ್ದು ಒಪ್ಪಿಗೆಯಲ್ಲ.

ಪ್ರಶ್ನೆ: ನಾವು ಕೂಡಿಸಿದ್ದು ನಮ್ಮ ವಿಶ್ವಾಸಿಗಳಿಗೆ ಮಾತ್ರ ಹೋಗಬೇಕೇ? ಬೇರೆಯವರಿಗೆ ಕೊಡುವಾಗ ಜೊತೆಗೆ ಒಂದು ಸುವಾರ್ತೆಯ ಹಾಳೆ ಕೊಡಬಹುದೇ?

ಉತ್ತರ: ಮೊದಲನೆಯದಕ್ಕೆ ಯೇಸು ಹೇಳಿದ ಒಳ್ಳೆಯ ಸಮಾರ್ಯದವನ ಕಥೆ ಸಾಕು, ದಾರಿಯಲ್ಲಿ ಗಾಯಗೊಂಡು ಬಿದ್ದವನಿಗೆ ನೆರವಾಗುವಾಗ ಅವನ ಜಾತಿ ಮತ ಕೇಳಲಿಲ್ಲ. ಎರಡನೆಯದಕ್ಕೆ ನನ್ನ ಉತ್ತರ ಬೇಡ ಎಂದೇ. ಹಸಿದವರು ಕೈ ಚಾಚಿದಾಗ ಅದರಲ್ಲಿ ಏನಿಟ್ಟರೂ ತೆಗೆದುಕೊಳ್ಳುತ್ತಾರೆ, ಅದನ್ನು ನಂಬಿಕೆ ಎನ್ನೋಕಾಗುತ್ತಾ? 1994ರಲ್ಲಿ ರೆಡ್‌ಕ್ರಾಸ್ ಮತ್ತು ದೊಡ್ಡ ಪರಿಹಾರ ಸಂಸ್ಥೆಗಳು ಸೇರಿ ವಿಪತ್ತಿನ ಕೆಲಸಕ್ಕೆ ಒಂದು ನೀತಿಸಂಹಿತೆ ಮಾಡಿದವು. ನೆರವು ಅಗತ್ಯ ನೋಡಿ ಮಾತ್ರ ಕೊಡಬೇಕು, ಯಾವ ರಾಜಕೀಯ ಅಥವಾ ಧಾರ್ಮಿಕ ನಿಲುವನ್ನು ಹರಡಲೂ ಬಳಸಬಾರದು ಎಂದು ಅದರಲ್ಲಿದೆ. ಅದನ್ನು ರೂಪಿಸಿದವರಲ್ಲಿ ಕ್ರೈಸ್ತ ಸಂಸ್ಥೆಗಳಾದ ಕಾರಿತಾಸ್, ಲೂಥರನ್ ವರ್ಲ್ಡ್ ಫೆಡರೇಶನ್, ವರ್ಲ್ಡ್ ಕೌನ್ಸಿಲ್ ಆಫ್ ಚರ್ಚಸ್ ಎಲ್ಲ ಇದ್ದವು. ಯಾಕೆ ಕೊಡುತ್ತಿದ್ದೀರಿ ಎಂದು ಅವರಾಗಿಯೇ ಕೇಳಿದರೆ ಧಾರಾಳವಾಗಿ ಹೇಳಿ.

ಪ್ರಶ್ನೆ: ನನಗೆ 16 ವರ್ಷ. ನಮ್ಮಪ್ಪ ಚರ್ಚಿನ ಬಡವರ ನಿಧಿಗೆ ಖಜಾಂಚಿ. ತುಂಬಾ ಓಡಾಡುತ್ತಾರೆ. ಆದರೆ ನಮ್ಮ ಮನೆ ಕೆಲಸಕ್ಕೆ ಬರುವ ಆಂಟಿಗೆ ಸಂಬಳ ಪ್ರತಿ ತಿಂಗಳೂ ತಡ. ಅವರು ಎರಡು ಮೂರು ಸಲ ಕೇಳಬೇಕು. ನನಗೆ ನಾಚಿಕೆಯಾಗುತ್ತೆ. ಅಪ್ಪನಿಗೆ ಹೇಗೆ ಹೇಳುವುದು?

ಉತ್ತರ: ನೀನು ಅಂತಲೇ ಬರೆಯುತ್ತೇನೆ, ಬೇಜಾರಿಲ್ಲ ತಾನೆ?

ನಿನ್ನ ನಾಚಿಕೆಗೆ ಕಾರಣವಿದೆ. ಕೂಲಿಯವನ ಕೂಲಿಯನ್ನು ಸೂರ್ಯ ಮುಳುಗುವುದರೊಳಗೆ ಕೊಡು ಎಂದು ಧರ್ಮೋಪದೇಶಕಾಂಡ 24ರಲ್ಲಿದೆ. ಮನೆಕೆಲಸದವರಿಗೆ ಕನಿಷ್ಠ ತಿಂಗಳಿಗೊಮ್ಮೆ ತಪ್ಪದೆ ಸಂಬಳ ಸಿಗಬೇಕು ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2011ರಲ್ಲಿ ಒಂದು ಒಪ್ಪಂದವನ್ನೇ ಮಾಡಿದೆ. ಆದರೆ ಇವನ್ನೆಲ್ಲ ಅಪ್ಪನ ಮುಂದೆ ಓದಬೇಡ, ಅವರಿಗೆ ಸಿಟ್ಟು ಬರುತ್ತೆ ಅಷ್ಟೇ. ನಿಮ್ಮಪ್ಪ ಕೆಟ್ಟವರು ಅಂತ ನನಗೆ ಅನ್ನಿಸೋದಿಲ್ಲ. ಚರ್ಚಿನ ನಿಧಿಗೆ ಪುಸ್ತಕ ಇದೆ, ತಾರೀಕಿದೆ, ಕೇಳುವವರಿದ್ದಾರೆ. ಆಂಟಿಯ ಸಂಬಳಕ್ಕೆ ಅದ್ಯಾವುದೂ ಇಲ್ಲ, ನೆನಪಾದಾಗ ಕೊಡುತ್ತಾರೆ.

ಮೊದಲು ಆಂಟಿಯನ್ನೇ ಕೇಳು, ನಾನು ಅಪ್ಪನ ಹತ್ತಿರ ಮಾತಾಡಲಾ ಅಂತ. ಅವರನ್ನು ಕೇಳದೆ ಹೋಗಬೇಡ, ಸಿಟ್ಟು ಕೊನೆಗೆ ಅವರ ಮೇಲೆ ತಿರುಗಬಹುದು. ಅವರು ಬೇಡ ಅಂದರೆ ಅವರ ಹೆಸರೇ ಎತ್ತಬೇಡ. ಅಪ್ಪ ಲೆಕ್ಕ ಬರೆಯಲು ಕೂತಾಗ, ಮನೆಯಲ್ಲಿ ಬೇರೆ ಯಾರೂ ಇಲ್ಲದಾಗ, ‘ಅಪ್ಪಾ, ನಮ್ಮ ಮನೆಯ ಸಂಬಳಕ್ಕೂ ಒಂದು ತಾರೀಕು ಗೊತ್ತು ಮಾಡಿಬಿಡೋಣ, ನಾನೇ ನೆನಪು ಮಾಡ್ತೀನಿ’ ಎಂದಷ್ಟೇ ಹೇಳಿ ನೋಡು. ಒಪ್ಪಿದರೆ ಆ ಹೊಣೆ ನಿನ್ನದೇ, ಪರೀಕ್ಷೆಯ ದಿನವಾದರೂ ಮರೆಯಬೇಡ.