ಡ್ರಾಫ್ಟ್ ಲಾಟರಿ ಫಿಕ್ಸ್ ಆಗಿಲ್ಲ, ತೊಂದರೆ ಇರುವುದು ಬೇರೆ ಕಡೆ

ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಡ್ರಾಫ್ಟ್ ಬಗ್ಗೆ ನನಗೆ ಬರುವ ಪ್ರಶ್ನೆಗಳಲ್ಲಿ ಒಂದೇ ಪ್ರಶ್ನೆ ಹತ್ತು ವೇಷ ಹಾಕಿಕೊಂಡು ಬರುತ್ತದೆ. ಈ ಸಲ ಅದಕ್ಕೇ ಜಾಸ್ತಿ ಜಾಗ ಕೊಡುತ್ತೇನೆ. ಡ್ರಾಫ್ಟ್ ಅಂದರೆ ತಂಡಗಳು ಹೊಸ ಆಟಗಾರರನ್ನು ಸರದಿ ಪ್ರಕಾರ ಆರಿಸಿಕೊಳ್ಳುವುದು. ಸೋತ ತಂಡಗಳಲ್ಲಿ ಮೊದಲ ಸರದಿ ಯಾರಿಗೆ ಅನ್ನುವುದನ್ನು ಲಾಟರಿ ತೀರ್ಮಾನಿಸುತ್ತದೆ, ಜಾಸ್ತಿ ಸೋತವರಿಗೆ ಜಾಸ್ತಿ ಅವಕಾಶ.

ಪ್ರಶ್ನೆ: 2025ರಲ್ಲಿ ಡಲ್ಲಾಸ್‌ಗೆ ಮೊದಲ ಆಯ್ಕೆ ಸಿಗುವ ಸಾಧ್ಯತೆ ಬರೀ 1.8 ಪರ್ಸೆಂಟ್ ಇತ್ತು. ಫೆಬ್ರವರಿಯಲ್ಲಿ ತಮ್ಮ ಸ್ಟಾರ್ ಲೂಕಾ ಡಾನ್ಚಿಚ್‌ನನ್ನು ಲೇಕರ್ಸ್ ತಂಡಕ್ಕೆ ಬಿಟ್ಟುಕೊಟ್ಟರು, ಮೇ ತಿಂಗಳ ಲಾಟರಿಯಲ್ಲಿ ಆ ವರ್ಷ ಎಲ್ಲರೂ ಬಯಸಿದ್ದ ಹೊಸ ಹುಡುಗ ಕೂಪರ್ ಫ್ಲ್ಯಾಗ್ ಸಿಕ್ಕಿದ. ಇದು ಲೀಗ್ ಕೊಟ್ಟ ಉಡುಗೊರೆ ಅಲ್ವಾ?

ಉತ್ತರ: ಅಲ್ಲ. ಮೊದಲಿಗೆ, ನೀವು ಬೆಳಗಿನ ಜಾವ ಎದ್ದು ಟಿವಿಯಲ್ಲಿ ನೋಡಿದ್ದು ಲಾಟರಿಯನ್ನಲ್ಲ. ಅಲ್ಲಿ ಕಾರ್ಡ್ ತೆರೆಯುವ ಹೊತ್ತಿಗೆ ಇನ್ನೊಂದು ಕೋಣೆಯಲ್ಲಿ ಎಲ್ಲ ಮುಗಿದಿರುತ್ತದೆ. ಆ ಕೋಣೆಯ ಯಂತ್ರದಲ್ಲಿ 1ರಿಂದ 14ರವರೆಗೆ ನಂಬರ್ ಇರುವ ಪಿಂಗ್‌ಪಾಂಗ್ ಚೆಂಡುಗಳು. ನಾಲ್ಕು ಚೆಂಡು ಮೇಲೆ ಬರುತ್ತವೆ. 14ರಲ್ಲಿ ನಾಲ್ಕನ್ನು 1001 ರೀತಿಯಲ್ಲಿ ತೆಗೆಯಬಹುದು. 11-12-13-14 ಬಂದರೆ ಮತ್ತೆ ತೆಗೆಯುತ್ತಾರೆ. ಉಳಿದ 1000 ಜೋಡಣೆಗಳನ್ನು ತಂಡಗಳಿಗೆ ಮೊದಲೇ ಹಂಚಿರುತ್ತಾರೆ. ಡಲ್ಲಾಸ್ ಕೈಯಲ್ಲಿ ಇದ್ದದ್ದು 18. ಎಲ್ಲ ತಂಡಗಳ ಪ್ರತಿನಿಧಿಗಳು ಫೋನ್ ಹೊರಗೆ ಕೊಟ್ಟು ಅಲ್ಲೇ ಕೂತಿರುತ್ತಾರೆ, ಪತ್ರಕರ್ತರು ಮತ್ತು ಆಡಿಟರ್‌ಗಳೂ ಇರುತ್ತಾರೆ. ಮೋಸ ನಡೆದಿದ್ದರೆ ಫ್ಲ್ಯಾಗ್‌ನಂಥ ಹುಡುಗನನ್ನು ಕಳೆದುಕೊಂಡ ತಂಡದವರು ಬಾಯಿ ಮುಚ್ಚಿಕೊಂಡು ಮನೆಗೆ ಹೋಗುತ್ತಾರಾ?

'1.8 ಪರ್ಸೆಂಟ್ ಅಂದರೆ ಆಗಲ್ಲ ಅಂತ ಅರ್ಥ' ಅನ್ನುವ ನಂಬಿಕೆ ಇದೆಯಲ್ಲ, ನನಗೆ ಸಿಟ್ಟು ಬರುವುದು ಅಲ್ಲಿ. ಇದನ್ನು ಬಾಯಲ್ಲಿ ಹೇಳಿ ಸಾಕಾಗಿ, ನಮ್ಮ ಕೋರ್ಟ್‌ನ ಹುಡುಗರಿಗೆ ಒಂದು ಸಂಜೆ ಬಕೆಟ್‌ನಲ್ಲಿ 1000 ಹುಣಸೆ ಬೀಜ ಎಣಿಸಿ ಹಾಕಿಸಿದೆ. ಅದರಲ್ಲಿ 18ಕ್ಕೆ ಸುಣ್ಣ ಬಳಿದಿದ್ದೆವು. ಕಣ್ಣು ಮುಚ್ಚಿ ಒಂದು ತೆಗೆಯುವುದು, ನೋಡಿ ವಾಪಸ್ ಹಾಕಿ ಕಲಸುವುದು. 43ನೇ ಸಲಕ್ಕೆ ಬಿಳಿ ಬೀಜ ಬಂತು. ತೆಗೆದ ಹುಡುಗ ಕಿರುಚಿದ, ಆದರೆ ಅವನು ಮೋಸ ಮಾಡಿದ ಅಂತ ಯಾರೂ ಅನ್ನಲಿಲ್ಲ, ಯಾಕೆಂದರೆ ಹಿಂದಿನ 42 ಕಂದು ಬೀಜಗಳನ್ನೂ ಅವರೇ ನೋಡಿದ್ದರು. ನೀವು ಹಿಂದಿನ ವರ್ಷಗಳನ್ನು ಮರೆತು ಬಿಳಿ ಬೀಜವನ್ನು ಮಾತ್ರ ನೆನಪಿಟ್ಟುಕೊಂಡಿದ್ದೀರಿ.

ಇನ್ನೂ ಒಂದು ಲೆಕ್ಕ. 2 ಪರ್ಸೆಂಟ್‌ಗಿಂತ ಕಡಿಮೆ ಅವಕಾಶ ಇರುವ ತಂಡಗಳನ್ನೆಲ್ಲ ಒಟ್ಟು ಸೇರಿಸಿದರೆ, ಅವುಗಳಲ್ಲಿ ಯಾವುದಾದರೂ ಒಂದು ಗೆಲ್ಲುವ ಸಾಧ್ಯತೆ ವರ್ಷಕ್ಕೆ ಸುಮಾರು 5 ಪರ್ಸೆಂಟ್. 2005ರಿಂದ 2025ರವರೆಗಿನ 21 ಲಾಟರಿಗಳಲ್ಲಿ ಇದು ಮೂರು ಸಲ ಆಗಿದೆ: 2008ರಲ್ಲಿ ಶಿಕಾಗೋ, 2014ರಲ್ಲಿ ಕ್ಲೀವ್‌ಲ್ಯಾಂಡ್, 2025ರಲ್ಲಿ ಡಲ್ಲಾಸ್. ಒಂದು ಸಲ ಆಗಿದ್ದರೆ ಲೆಕ್ಕಕ್ಕೆ ಸರಿ ಹೋಗುತ್ತಿತ್ತು. ಮೂರು ಜಾಸ್ತಿಯೇ. ಆದರೆ ಬರೀ ಅದೃಷ್ಟದಿಂದಲೇ ಇಷ್ಟಾಗುವ ಸಾಧ್ಯತೆ ಹತ್ತರಲ್ಲಿ ಒಂದರಷ್ಟಿದೆ. ಹತ್ತರಲ್ಲಿ ಒಂದು ಅನ್ನುವುದನ್ನು ಪಿತೂರಿಗೆ ಸಾಕ್ಷಿ ಅಂತ ನಾನು ಒಪ್ಪುವುದಿಲ್ಲ.

ಅನ್ಯಾಯದ ಮಾತು ಬೇರೆ. ಅದು ಯಂತ್ರದಲ್ಲಿ ಇಲ್ಲ, ನಿಯಮದಲ್ಲಿ ಇದೆ. 1993ರಲ್ಲಿ ಒರ್ಲ್ಯಾಂಡೊ 41 ಗೆದ್ದು 41 ಸೋತಿತ್ತು. ಹಿಂದಿನ ವರ್ಷವಷ್ಟೇ ಮೊದಲ ಆಯ್ಕೆಯಲ್ಲಿ ಶಕೀಲ್ ಓನೀಲ್‌ನಂಥ ದೈತ್ಯ ಆಟಗಾರ ಸಿಕ್ಕಿದ್ದ. ಅಂಥ ತಂಡ 66ರಲ್ಲಿ ಒಂದೇ ಒಂದು ಅವಕಾಶ ಇಟ್ಟುಕೊಂಡು ಮತ್ತೆ ಮೊದಲ ಆಯ್ಕೆ ಗೆದ್ದಿತು. ಗಲಾಟೆಯಾಯಿತು. 1994ರಿಂದ ಕೊನೆಯ ಸ್ಥಾನದ ತಂಡಕ್ಕೆ 25 ಪರ್ಸೆಂಟ್ ಕೊಟ್ಟರು. ಕೊನೆಗೆ ಏನಾಯಿತು? ಸೋಲುವುದರಲ್ಲೇ ಲಾಭ ಅಂತ ತಂಡಗಳಿಗೆ ಗೊತ್ತಾಯಿತು. ಫಿಲಡೆಲ್ಫಿಯಾ ಸಾಲಾಗಿ ಮೂರು ಸೀಸನ್‌ಗಳಲ್ಲಿ 19, 18, 10 ಪಂದ್ಯ ಗೆದ್ದಿತು, 82ರಲ್ಲಿ! ದುಡ್ಡು ಕೊಟ್ಟು ಟಿಕೆಟ್ ತಗೊಂಡು ಬಂದ ಜನರ ಮುಂದೆ. ಹಾಗಾಗಿ 2019ರಲ್ಲಿ ಕೊನೆಯ ಮೂರೂ ತಂಡಗಳಿಗೆ ಸಮವಾಗಿ 14 ಪರ್ಸೆಂಟ್ ಮಾಡಿದರು. ಗಿಡ್ಡ ಕಂಬಳಿ ಇದ್ದ ಹಾಗೆ, ತಲೆಗೆ ಎಳೆದರೆ ಕಾಲಿಗೆ ಸಾಲದು. 2019ರ ಆ ನಿಯಮದಲ್ಲಿ ಅತಿ ಕೆಟ್ಟ ತಂಡ ಐದನೇ ಆಯ್ಕೆಗೆ ಜಾರುವ ಸಾಧ್ಯತೆ 47.9 ಪರ್ಸೆಂಟ್. ಡಿಟ್ರಾಯ್ಟ್ 2023ರಲ್ಲಿ ಜಾರಿತು, 2024ರಲ್ಲೂ ಜಾರಿತು. 2025ರಲ್ಲಿ ಯೂಟಾ ಜಾರಿತು.

ಯೂಟಾಗೆ ಮರುಗಬೇಡಿ. ಆಡಬಲ್ಲ ತನ್ನ ಮುಖ್ಯ ಆಟಗಾರ ಲೌರಿ ಮಾರ್ಕನೆನ್‌ನನ್ನು ಆಡಿಸದೆ ಕೂರಿಸಿದ್ದಕ್ಕೆ ಲೀಗ್ ಅದೇ ಮಾರ್ಚ್‌ನಲ್ಲಿ ಒಂದು ಲಕ್ಷ ಡಾಲರ್ ದಂಡ ಹಾಕಿತ್ತು. ಡಿಟ್ರಾಯ್ಟ್ ಕಥೆ ನನಗೆ ಹೊಟ್ಟೆ ಉರಿಸಿತ್ತು. ಸಾಲಾಗಿ 28 ಪಂದ್ಯ ಸೋತ ತಂಡ ಅದು, ಆ ಹುಡುಗರು ನಿಜವಾಗಿಯೂ ಆಡಿ ಸೋತಿದ್ದರು. ಬೇಕಂತಲೇ ಸೋತವನಿಗೂ ಕೈಲಾಗದೆ ಸೋತವನಿಗೂ ಚೆಂಡು ವ್ಯತ್ಯಾಸ ಮಾಡುವುದಿಲ್ಲ. 2024ರಲ್ಲಿ ಫೈನಲ್ ಆಡಿ, ಮರುವರ್ಷ ಗಾಯಗಳಿಂದ ಜಾರಿದ ಡಲ್ಲಾಸ್‌ಗೂ ಅದೇ ಡಬ್ಬಿಯಲ್ಲಿ ಜಾಗ. ನನ್ನನ್ನು ಕೇಳಿದರೆ ಎರಡು ಮೂರು ಸೀಸನ್‌ಗಳ ಸೋಲು-ಗೆಲುವು ಸೇರಿಸಿ ಅವಕಾಶ ಹಂಚಬೇಕು. ಜಗಳ ಆಡುವುದಾದರೆ ಇದರ ಮೇಲೆ ಆಡಿ, ನಾನೂ ಬರುತ್ತೇನೆ.

ಪ್ರಶ್ನೆ: 1985ರ ಲಾಟರಿಯಲ್ಲಿ ಡ್ರಮ್ಮಿನಿಂದ ಲಕೋಟೆ ಎತ್ತುತ್ತಿದ್ದರಲ್ಲ, ಕೈಗೆ ತಣ್ಣಗೆ ತಗುಲಿ ಗುರುತು ಸಿಗಲಿ ಅಂತ ಮೊದಲ ಆಯ್ಕೆ ಗೆದ್ದ ನ್ಯೂಯಾರ್ಕ್‌ನ ಲಕೋಟೆಯನ್ನು ಫ್ರಿಜ್‌ನಲ್ಲಿ ಇಟ್ಟಿದ್ದರಂತೆ, ನಿಜಾನಾ?

ಉತ್ತರ: ಒಂದು ಲಕೋಟೆ ಡ್ರಮ್ಮಿನ ಅಂಚಿಗೆ ಬಡಿಯುವ ವಿಡಿಯೊ ಬಿಟ್ಟರೆ ಇಷ್ಟು ವರ್ಷದಲ್ಲಿ ಏನೂ ಸಿಕ್ಕಿಲ್ಲ. ಆ ದಿನ ಏಳನೇ ಸ್ಥಾನಕ್ಕೆ ಬಿದ್ದ ಗೋಲ್ಡನ್ ಸ್ಟೇಟ್ ಆರಿಸಿದ ಕ್ರಿಸ್ ಮಲಿನ್ ಮುಂದೆ ಬಾಸ್ಕೆಟ್‌ಬಾಲ್ ದಿಗ್ಗಜರ ಸಾಲಾದ ಹಾಲ್ ಆಫ್ ಫೇಮ್ ಸೇರಿದರು. ಅದನ್ನು ಯಾರೂ ಕೇಳುವುದಿಲ್ಲ.

ಪ್ರಶ್ನೆ: ಮಾಕ್ ಡ್ರಾಫ್ಟ್‌ನಲ್ಲಿ, ಅಂದರೆ ಯಾರು ಯಾವ ಸರದಿಗೆ ಆಯ್ಕೆಯಾಗುತ್ತಾರೆ ಅಂತ ಮೊದಲೇ ಊಹಿಸುವ ಪಟ್ಟಿಯಲ್ಲಿ, ಮೊದಲ ಸ್ಥಾನದಲ್ಲಿ ಇರುವವನೇ ದೊಡ್ಡ ಆಟಗಾರ ಆಗುತ್ತಾನಾ?

ಉತ್ತರ: ಮುಂದೆ ಲೀಗ್‌ನ ಶ್ರೇಷ್ಠ ಆಟಗಾರನಾದ ನಿಕೊಲಾ ಯೋಕಿಚ್ ಆಯ್ಕೆಯಾದದ್ದು 41ನೆಯವನಾಗಿ, 2013ರ ಮೊದಲ ಆಯ್ಕೆ ಆಂಟನಿ ಬೆನೆಟ್ ಬೇಗ ಮರೆಯಾದ. 19 ವರ್ಷದ ಹುಡುಗನ ಭವಿಷ್ಯವನ್ನು ನಾನು ಹೇಳುವುದಿಲ್ಲ, ಹೇಳುವವರನ್ನು ನಂಬುವುದೂ ಇಲ್ಲ.

ಪ್ರಶ್ನೆ: ಮಗನಿಗೆ 16 ವರ್ಷ, 6 ಅಡಿ 3 ಇಂಚು. ಎತ್ತರ ಹೆಚ್ಚಿಸುವ ಪುಡಿ ಕೊಡುತ್ತಿದ್ದೇವೆ. ಒಬ್ಬ ಏಜೆಂಟ್ ದುಡ್ಡು ಕಟ್ಟಿದರೆ ಡ್ರಾಫ್ಟ್‌ಗೆ ಹೆಸರು ನೋಂದಾಯಿಸುತ್ತೇನೆ ಅಂತಾನೆ.

ಉತ್ತರ: ಪುಡಿಯನ್ನು ಇವತ್ತೇ ನಿಲ್ಲಿಸಿ. ಎತ್ತರ ಅಪ್ಪ ಅಮ್ಮನಿಂದ ಬರುತ್ತದೆ, ಊಟ ನಿದ್ದೆಯಿಂದ ತುಂಬುತ್ತದೆ. ಮೂಳೆಯ ತುದಿ ಮುಚ್ಚಿದ ಮೇಲೆ ಯಾವ ಡಬ್ಬಿಯೂ ಒಂದು ಇಂಚು ಕೊಡುವುದಿಲ್ಲ. ಪುಡಿಯಲ್ಲಿ ಏನು ಬೆರೆಸಿರುತ್ತಾರೋ ಅನ್ನುವ ಭಯ ನನಗೆ ಯಾವಾಗಲೂ ಇದೆ. ನನ್ನ ಹತ್ತಿರ ಆಡುವ ಹುಡುಗರಿಗೆ ಇಂಥದ್ದನ್ನು ಮುಟ್ಟಲೂ ಬಿಡುವುದಿಲ್ಲ.

ಡ್ರಾಫ್ಟ್‌ಗೆ ಫೀಸು ಅನ್ನುವುದೇ ಇಲ್ಲ. ಹೊರದೇಶದ ಆಟಗಾರ 22 ತುಂಬುವ ವರ್ಷ ತಾನಾಗಿಯೇ ಅರ್ಹನಾಗುತ್ತಾನೆ, ಅದಕ್ಕೂ ಮುಂಚೆ ಬೇಕಿದ್ದರೆ ಲೀಗ್‌ಗೆ ಪತ್ರ ಬರೆಯಬೇಕು ಅಷ್ಟೆ. ಭಾರತದಲ್ಲಿ ಹುಟ್ಟಿ ಮೊದಲು ಡ್ರಾಫ್ಟ್ ಆದ ಪಂಜಾಬಿನ ಸತ್ನಾಮ್ ಸಿಂಗ್ 7 ಅಡಿ 2 ಇಂಚು ಇದ್ದರು. 14ನೇ ವಯಸ್ಸಿಗೇ ಫ್ಲೋರಿಡಾದ ಅಕಾಡೆಮಿಗೆ ಹೋಗಿ ಐದು ವರ್ಷ ಬೆವರು ಸುರಿಸಿದರು. 2015ರಲ್ಲಿ 52ನೆಯವರಾಗಿ ಡಲ್ಲಾಸ್‌ಗೆ ಆಯ್ಕೆಯಾದರೂ ಎನ್‌ಬಿಎಯಲ್ಲಿ ಒಂದು ಪಂದ್ಯವೂ ಆಡಲು ಆಗಲಿಲ್ಲ. ದಾರಿ ಅಷ್ಟು ಕಷ್ಟದ್ದು. ಏಜೆಂಟ್‌ಗೆ ಈಗಾಗಲೇ ದುಡ್ಡು ಕೊಟ್ಟಿದ್ದರೆ ರಸೀದಿ ತಗೊಂಡು ನಾಳೆ ಬೆಳಿಗ್ಗೆಯೇ ಪೊಲೀಸ್ ಠಾಣೆಗೆ ಹೋಗಿ.